ಪಾರ್ವತಿನಗರದ ಲಾಬೊ-ಲಾಬಾಸ್ ಮಂತ್ರ

ಬಳ್ಳಾರಿಯಲ್ಲಿ ಪುಕ್ಕಟೆ ಸಿಗುವುದು ಬಿಸಿಲು ಮತ್ತು ಹೆಂಡತಿಯ ಅಣ್ಣನ ಸಲಹೆ. ಬಿಸಿಲಿಗಾದರೂ ಸಂಜೆಯ ಹೊತ್ತಿಗೆ ಸ್ವಲ್ಪ ನಾಚಿಕೆ ಬರುತ್ತದೆ, ಸಲಹೆಗೆ ಅದೂ ಇಲ್ಲ. ಪಾರ್ವತಿನಗರದ ಗವಿಸಿದ್ದೇಶನಿಗೆ ಮದುವೆಯಾದ ಹೊಸದರಿಂದ ಇವತ್ತಿನವರೆಗೆ ಬರುತ್ತಿದ್ದದ್ದು ಒಂದೇ ಸಲಹೆ. ಕೊಡುತ್ತಿದ್ದವರು ಆ ಅಣ್ಣ, ಅವನು ಮಾವ ಎಂದು ಕರೆಯುತ್ತಿದ್ದ ಹಾಲಸಿದ್ದಪ್ಪನವರು. ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು, ದೇಶನೂರಿನಲ್ಲಿ ಭತ್ತದ ಗದ್ದೆ, ಎರಡರ ಫಲವನ್ನೂ ಸೊಂಟದ ಸುತ್ತ ಇಟ್ಟುಕೊಂಡು ತಿರುಗುವ ದೊಡ್ಡ ಮನುಷ್ಯರು.

"ಆ ಗುಂಡಿ ಅಂಗಡಿ ಮುಚ್ಚಿಬಿಡಪ್ಪ," ಎನ್ನುತ್ತಿದ್ದರು ಅವರು. "ಸಿರುಗುಪ್ಪಕ್ಕ ಬಾ. ಮಿಲ್ಲಿನ ಗೇಟಿನಾಗ ಕುರ್ಚಿ ಹಾಕಿಸಿ ಕೊಡ್ತೀನಿ. ಲಾರಿ ಬಂದಾಗ ಏಳು, ಹೋದ ಮ್ಯಾಲ ಕೂಡು. ಇದಕ್ಕಿಂತ ಸುಖ ಏನೈತಿ?"

ಗುಂಡಿ ಅಂಗಡಿ ಎಂದರೆ ಜೀನ್ಸ್ ಹೊಲಿಯುವವರ ಓಣಿಯಲ್ಲಿ ಗವಿಸಿದ್ದೇಶ ಇಟ್ಟಿದ್ದ ಸಣ್ಣ ಮಳಿಗೆ. ಹಿತ್ತಾಳೆ ಗುಂಡಿ, ಜಿಪ್ಪು, ದಾರ, ಒಗೆಯುವ ಕ್ರಮ ಅಚ್ಚು ಹಾಕಿ ಪ್ಯಾಂಟಿನ ಒಳಗೆ ಹೊಲಿಯುವ ಬಟ್ಟೆಯ ಪಟ್ಟಿ, ಇಷ್ಟು ಅವನ ಸಾಮ್ರಾಜ್ಯ. ಲಾಭ ಹೇಳಿಕೊಳ್ಳುವಂಥದ್ದಲ್ಲ. ಆದರೆ ಬೆಳಿಗ್ಗೆ ಬಾಗಿಲು ತೆಗೆಯುವಾಗ ಅವನಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಮುಚ್ಚುವಾಗಲೂ ಅಷ್ಟೇ. ಆ ಒಂದು ಸುಖಕ್ಕಾಗಿ ಅವನು ಗೇಟಿನ ಕುರ್ಚಿಯನ್ನು ಇಷ್ಟು ವರ್ಷ ತಪ್ಪಿಸಿಕೊಂಡು ಬಂದಿದ್ದ.

ಅವನಲ್ಲಿ ಒಂದು ಐಬು ಇತ್ತು, ಮುಚ್ಚಿಡುವುದೇಕೆ. ಹಿಡಿದದ್ದನ್ನು ಮುಗಿಸುವ ಅಭ್ಯಾಸ ಇರಲಿಲ್ಲ. ಹಾರ್ಮೋನಿಯಂ ತಂದ, ಒಂದು ರಾಗ ಬರುವಷ್ಟರಲ್ಲಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಕೂತಿತು. ಹೋಮಿಯೋಪತಿ ಕಲಿಯಲು ಹೋದ, ಶೀತದ ಗುಳಿಗೆಯವರೆಗೆ ಕಲಿತ, ಕೆಮ್ಮಿಗೆ ಬರುವ ಮೊದಲೇ ಬಿಟ್ಟ. ನೆಂಟರಿಷ್ಟರಿಗೆ ಇದೆಲ್ಲ ಬಾಯಿಪಾಠವಾಗಿತ್ತು.

ಹೀಗಿರುವಾಗ ಕುರುಗೋಡಿನಲ್ಲಿ ತೊಟ್ಟಿಲು ಕಾರ್ಯ ಬಂತು. ಗವಿಸಿದ್ದೇಶನ ಹೆಂಡತಿ ಶಾಂಭವಿಯ ಅಕ್ಕ ಅಕ್ಕನಾಗಮ್ಮನ ಮೊಮ್ಮಗನಿಗೆ ಹೆಸರಿಡುವ ದಿನ. ಗೋಧಿ ಹುಗ್ಗಿ ಉಂಡು ನೆಂಟರೆಲ್ಲ ಜಮಖಾನದ ಮೇಲೆ ಉರುಳಿದ್ದಾಗ, ಅಲ್ಲೇ ಆಡುತ್ತಿದ್ದ ಯಾರದೋ ಕೂಸು ಕಳಚಿ ಬಿಸಾಕಿದ ಜೀನ್ಸ್ ಚಡ್ಡಿ ಹಾಲಸಿದ್ದಪ್ಪನವರ ಕೈಗೆ ಸಿಕ್ಕಿತು. ಒಳಗಿನ ಪಟ್ಟಿ ಹೊರಕ್ಕೆ ತೆಗೆದು ಕಣ್ಣಿಗೆ ಹಿಡಿದರು.

"ಇಂಥಾವು ನೀ ಮಾರ್ತಿ ಅಲ್ಲೇನಪ್ಪ? ಇಂಗ್ಲಿಷ್ ಕೆಳಗ ಇದು ಯಾವ ಭಾಷಾ?"

"ಸ್ಪ್ಯಾನಿಷ್ ರೀ ಮಾವ. ಮೊದಲನೇದು ಒಗಿಯೋದು, ಅದರ ಕೆಳಗಿಂದು ಇಸ್ತ್ರಿ ಮಾಡೋದು."

ಪಕ್ಕದಲ್ಲೇ ಬಕೇಟಿನ ಚಿತ್ರ, ಇಸ್ತ್ರಿ ಪೆಟ್ಟಿಗೆಯ ಚಿತ್ರ ಇದ್ದವು. ಅವನ ಪಾಂಡಿತ್ಯವೆಲ್ಲ ಅಲ್ಲಿಂದ ಬಂದದ್ದು. "ನಿನಗ ಸ್ಪ್ಯಾನಿಷ್ ಬರ್ತೈತೇನು?" ಎಂದು ಮಾವ ಕೇಳಿದರು. ಹೊಟ್ಟೆಯಲ್ಲಿ ಎರಡು ಸಲ ಬಡಿಸಿಕೊಂಡ ಹುಗ್ಗಿ, ಎದುರಿಗೆ ಅಷ್ಟು ಮಂದಿ ನೆಂಟರು. ಇಲ್ಲ ಎನ್ನುವುದಕ್ಕೆ ಬಹಳ ದೊಡ್ಡ ಗುಣ ಬೇಕು.

"ಬರ್ತೈತಿ," ಎಂದುಬಿಟ್ಟ.

"ಮಾತಾಡು ನೋಡೋಣ."

ಗವಿಸಿದ್ದೇಶ ಚಡ್ಡಿಯ ಪಟ್ಟಿಯ ಕಡೆ ಕಣ್ಣು ಹಾಯಿಸಿದ. ಹಾಲಸಿದ್ದಪ್ಪನವರು ಚಡ್ಡಿಯನ್ನು ಜಮಖಾನದ ಮೇಲೆ ಹಾಕಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಇದೂ ಹಂಗ ನೋಡ್ರಿ. ಹಾರ್ಮೋನಿಯಂ ಸರಿಗಮ ತನಕ, ಹೋಮಿಯೋಪತಿ ಶೀತದ ಗುಳಿಗಿ ತನಕ, ಸ್ಪ್ಯಾನಿಷ್ ಚಡ್ಡಿ ತನಕ."

ಜಮಖಾನವೇ ನಕ್ಕಿತು. ಮಲಗಿದ್ದವರು ಎದ್ದು ಕೂತು ನಕ್ಕರು. ಗವಿಸಿದ್ದೇಶನ ಕಿವಿ ಕೆಂಪಾದವು. ಎದ್ದು ನಿಂತು ಹೇಳಿದ: "ಶ್ರಾವಣ ಮುಗಿಯೋದ್ರಾಗ ಸ್ಪ್ಯಾನಿಷ್ ಪರೀಕ್ಷಾ ಕಟ್ಟಿ ಪಾಸಾಗ್ತೀನಿ ಮಾವ. ಆಗದಿದ್ರ ಅಂಗಡಿ ಮುಚ್ಚಿ ನಿಮ್ಮ ಗೇಟಿನಾಗ ಬಂದು ಕೂಡ್ತೀನಿ."

"ಕೇಳಿದ್ರೆಲ್ಲಾ?" ಎಂದರು ಹಾಲಸಿದ್ದಪ್ಪನವರು, ಸಂತೋಷದಿಂದ.

ಮಾರನೆಯ ದಿನವೇ ಸಿರುಗುಪ್ಪದಿಂದ ಫೋನಿಗೆ ಒಂದು ಫೋಟೋ ಬಂತು. ಗೇಟಿನ ಪಕ್ಕ ಹೊಸ ಕುರ್ಚಿ, ನೀಲಿ ಬಣ್ಣದ್ದು, ಕೈಯಿರುವಂಥದ್ದು. ಶಾಂಭವಿ ಅದನ್ನು ನೋಡಿದಳು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು.

"ಅಂಗಡಿ ನಿಮ್ಮೊಬ್ಬರದಲ್ರೀ, ನಂದೂ ಹೌದು. ಪಣಕ್ಕ ಇಡೋ ಮುಂದ ನನ್ನ ಒಂದು ಮಾತು ಕೇಳಬೇಕಿತ್ತು."

"ತಪ್ಪಾತು ಬಿಡು."

"ತಪ್ಪಾತು ಅಂದ್ರ ಆಗಲ್ಲ. ನಮ್ಮ ತವರಿನವರ ಗೇಟಿನಾಗ ನನ್ನ ಗಂಡ ಲಾರಿಗೆ ಎದ್ದು ಕೂಡೋದನ್ನ ನಾ ನೋಡಾಕಿಲ್ಲ. ಕಲೀರಿ," ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು. ರೊಟ್ಟಿಗೆ ಅಷ್ಟು ಏಟು ಬೇಕಿರಲಿಲ್ಲ.

ಗವಿಸಿದ್ದೇಶ ಫೋನಿನಲ್ಲೇ ಪಾಠಕ್ಕೆ ಸೇರಿದ. ಸ್ಪೇನಿನ ಒಬ್ಬ ಮೇಡಂ ದಿನಕ್ಕೊಂದು ಪಾಠವನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬಿಡಿಸಿ ಹೇಳುತ್ತಿದ್ದರು. ಕ್ರಿಯಾಪದಗಳಿಂದಲೇ ಶುರು. ಸ್ಪ್ಯಾನಿಷ್ ಕ್ರಿಯಾಪದಗಳಿಗೆ ಮೂರು ಮನೆತನ: ಆರ್ ಎಂದು ಮುಗಿಯುವವು, ಎರ್ ಎಂದು ಮುಗಿಯುವವು, ಇರ್ ಎಂದು ಮುಗಿಯುವವು. ಆ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದರೆ ನಾನು, ನೀನು, ಅವನು ಎಲ್ಲ ಬರುತ್ತಾರೆ. ಪಟ್ಟಿಯ ಮೇಲಿನ ಒಗೆಯುವ ಮಾತು ಲಬಾರ್. ಬರೆಯುವುದು ವ, ಓದುವುದು ಬ. ಲಾಬೊ ಎಂದರೆ ನಾನು ಒಗೆಯುತ್ತೇನೆ, ಲಾಬಾಸ್ ಎಂದರೆ ನೀನು ಒಗೆಯುತ್ತೀಯ, ಲಬಾಮೊಸ್ ಎಂದರೆ ನಾವೆಲ್ಲ ಸೇರಿ ಒಗೆಯುತ್ತೇವೆ.

ಕಷ್ಟ ಇದಲ್ಲ. ಪ್ರತಿ ಮಾತನ್ನೂ ತುಂಡು ಮಾಡಿ, ಯಾವ ತುಂಡಿನ ಮೇಲೆ ಉಚ್ಚಾರದ ಭಾರ ಬೀಳಬೇಕೆಂದು ಹೇಳಬೇಕು. ತುಂಡು ಮಾಡುವ ನಿಯಮ ಅವನಿಗೆ ಬೇಗ ಹತ್ತಿತು. ನಡುವೆ ಎರಡು ವ್ಯಂಜನ ಬಂದರೆ ಅಣ್ಣತಮ್ಮಂದಿರ ಹಾಗೆ ಪಾಲಾಗಿ ಆ ಕಡೆಗೊಂದು ಈ ಕಡೆಗೊಂದು ಹೋಗುತ್ತವೆ. ಬ್ಲ, ಪ್ರ, ತ್ರ ಮಾತ್ರ ಗಂಡ ಹೆಂಡಿರು, ಬಿಡಿಸಬಾರದು. ಭಾರದ ವಿಷಯ ಬಂದಾಗ ಒದ್ದಾಡಿದ. ಲಬಾರ್ ಎಂಬಲ್ಲಿ ಭಾರ ಕೊನೆಗೆ, ಲಾಬೊ ಎನ್ನುವಷ್ಟರಲ್ಲಿ ಮುಂದಕ್ಕೆ ಹಾರಿ ಕೂತಿರುತ್ತದೆ, ಲಬಾಮೊಸ್ ಎಂದರೆ ನಡುವೆ. ಶಾಲೆಯಲ್ಲಿ ಲಘು ಗುರು ಹಾಕಿಸುವಾಗ ಯಮಾತಾರಾಜಭಾನಸಲಗಂ ಹೇಳಲಾರದೆ ಬೆಂಚಿನ ಮೇಲೆ ನಿಂತವನು ಅವನು. ಆಗ ತಪ್ಪಿಸಿಕೊಂಡದ್ದು ಈಗ ಹಡಗು ಹತ್ತಿ ಹುಡುಕಿಕೊಂಡು ಬಂದಿತ್ತು.

ಭಾರ ಬೀಳುವಲ್ಲಿ ಚಪ್ಪಾಳೆ ಹೊಡೆಯಿರಿ ಎಂದರು ಮೇಡಂ. ಒಂದು ಕೈಯಲ್ಲಿ ಫೋನು, ಚಪ್ಪಾಳೆ ಹೇಗೆ? ಗವಿಸಿದ್ದೇಶ ತೊಡೆ ತಟ್ಟಿಕೊಂಡ.

ಇನ್ನು ಅವನು ಕಲಿಯುತ್ತಿದ್ದ ರೀತಿಯನ್ನು ಓದುಗರು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಮನೆಯೊಳಗೆ ಸಿಗ್ನಲ್ ಇಲ್ಲ, ಮಾಳಿಗೆಯ ಮೂಡಣ ಮೂಲೆಯಲ್ಲಿ ಮಾತ್ರ ಇದೆ. ಹಾಗಾಗಿ ಹೊತ್ತು ಹುಟ್ಟುವಾಗ ಮೂಡಣಕ್ಕೆ ಮುಖ. ಬೆಳಗಾದರೆ ಸೆಕೆ, ಹಾಗಾಗಿ ಮಿಂದು ಬಂದು ಒದ್ದೆ ಪಂಚೆ, ಬರಿಮೈ, ಹಣೆಯ ಮೇಲೆ ನಿತ್ಯದ ವಿಭೂತಿ. ಕಿವಿಯ ವೈರು ಜಾರದಿರಲೆಂದು ತಲೆಗೆ ಟವೆಲ್ಲು. ನೋಡುವವರಿಗೆ ವೈರು ಕಾಣಿಸದು. ಕಾಣಿಸುವುದು ಇಷ್ಟೇ: ಒದ್ದೆ ಬಟ್ಟೆಯ ಗೃಹಸ್ಥನೊಬ್ಬ ಕಣ್ಣು ಮುಚ್ಚಿ ಯಾರ ಮಾತನ್ನೋ ಆಲಿಸುತ್ತಾನೆ, ಅರ್ಥವಾಗದ ಅಕ್ಷರಗಳನ್ನು ತುಂಡುತುಂಡಾಗಿ ಉಚ್ಚರಿಸುತ್ತಾನೆ, ತೊಡೆ ತಟ್ಟುತ್ತಾನೆ, ಮತ್ತೆ ಆಲಿಸುತ್ತಾನೆ.

ನೋಡಿದವರು ಪಕ್ಕದ ಮನೆಯ ದಾಕ್ಷಾಯಣಿ. ತಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕಲು ಬಂದವರು. ಕೆಲವು ದಿನದಿಂದ ಅವರ ಕುತ್ತಿಗೆ ಹಿಡಿದುಕೊಂಡು ಮುಖ ಒಂದೇ ಕಡೆ ತಿರುಗಿ ನಿಂತುಬಿಟ್ಟಿತ್ತು, ನಾಟಿ ವೈದ್ಯ ಇಂಗ್ಲಿಷ್ ವೈದ್ಯ ಎರಡೂ ಆಗಿದ್ದವು. ಆ ಹೊತ್ತಿಗೆ ಸರಿಯಾಗಿ ಗವಿಸಿದ್ದೇಶ ಬೆನ್ನ ಹಿಂದೆ "ಲ-ಬಾರ್" ಎಂದು ಕೂಗಿ ತೊಡೆಗೊಂದು ಬಾರಿಸಿದ. ದಾಕ್ಷಾಯಣಿ ಬೆಚ್ಚಿ ಗಕ್ಕನೆ ತಿರುಗಿದರು. ಕುತ್ತಿಗೆ ಲಟಕ್ಕೆಂದಿತು. ನೋವು ಹೋಯಿತು.

ಸಂಡಿಗೆ ಹಿಟ್ಟನ್ನು ಅಲ್ಲೇ ಬಿಟ್ಟು ಅವರು ಕೆಳಗಿಳಿದು ಬಂದರು. "ಅಣ್ಣಾರ, ಯಾವ ಮಂತ್ರರೀ ಅದು?"

"ಮಂತ್ರ ಅಲ್ರೀ ಅಕ್ಕಾರ. ಸ್ಪ್ಯಾನಿಷ್. ಒಗಿಯೋದು ಅಂತ ಅದರ ಅರ್ಥ."

ದಾಕ್ಷಾಯಣಿ ಕುತ್ತಿಗೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿ ತಿಳಿದವರ ನಗೆ ನಕ್ಕರು. "ಹೇಳಬಾರದು, ಗೊತ್ತೈತಿ ನನಗ. ನಾ ಯಾರ ಮುಂದನೂ ಅನ್ನಲ್ಲ," ಎಂದು ಹೇಳಿ, ಮಧ್ಯಾಹ್ನದೊಳಗೆ ಇಡೀ ಓಣಿಗೆ ಹೇಳಿದರು.

ಇಲ್ಲೇ ಗವಿಸಿದ್ದೇಶನ ಗ್ರಹಚಾರ ಇದ್ದದ್ದು. ನಮ್ಮ ಕಡೆ ಚೇಳಿಗೆ, ಉಳುಕಿಗೆ, ಕಾಮಾಲೆಗೆ ಮಂತ್ರ ಹಾಕುವವರಿಗೆ ಒಂದು ಕಟ್ಟಳೆಯಿದೆ. ಗ್ರಹಣದಲ್ಲಿ ನೀರಿನಲ್ಲಿ ನಿಂತು ಪಡೆದ ಮಂತ್ರವನ್ನು ಇದೆ ಎಂದು ಒಪ್ಪಿಕೊಳ್ಳಬಾರದು. ಕಾಸು ಮುಟ್ಟಬಾರದು. ನಾಲ್ಕು ಜನರ ಮುಂದೆ ಅರ್ಥ ಬಿಡಿಸಿ ಹೇಳಲೇಬಾರದು. ಇದೆ ಎನ್ನುವವನು ಕಳ್ಳ, ಇಲ್ಲ ಎನ್ನುವವನೇ ನಿಜವಾದವನು. ಹೀಗಿರುವಾಗ ಬೆಳಗಿನಿಂದ ಸಂಜೆಯವರೆಗೆ ಇಲ್ಲ ಇಲ್ಲ ಎನ್ನುತ್ತಿದ್ದ ಗವಿಸಿದ್ದೇಶನಷ್ಟು ನಿಜವಾದ ಮಂತ್ರವಾದಿ ಜಿಲ್ಲೆಯಲ್ಲೇ ಇರಲಿಲ್ಲ.

ರೂಪನಗುಡಿಯಿಂದ ಮೈಲಾರಪ್ಪ ಎಂಬ ರೈತ ಬಿಕ್ಕಳಿಕೆ ಹಿಡಿದುಕೊಂಡು ಬಂದ. ಉಂಡರೂ ನಿಲ್ಲದ, ನೀರು ಕುಡಿದರೂ ನಿಲ್ಲದ ಬಿಕ್ಕಳಿಕೆ. ಅವನು ಬಾಗಿಲಲ್ಲಿ ತೆಂಗಿನಕಾಯಿ ಇಟ್ಟದ್ದೇ ಗವಿಸಿದ್ದೇಶನ ಪಿತ್ತ ನೆತ್ತಿಗೇರಿತು. "ನನ್ನ ಹತ್ರ ಏನೂ ಇಲ್ಲ, ಯಾವ ಮಂತ್ರನೂ ಇಲ್ಲ, ಎದ್ದು ನಡಿ ಇಲ್ಲಿಂದ," ಎಂದು ಗದರಿದ ಗದರಿಕೆಗೆ ಕಿಟಕಿಯ ಗಾಜು ನಡುಗಿತು, ಮೈಲಾರಪ್ಪನ ಬಿಕ್ಕಳಿಕೆ ನಿಂತುಹೋಯಿತು.

"ಬೈದು ವಾಸಿ ಮಾಡ್ತಾರ ನೋಡ್ರಿ. ಇದು ಇನ್ನೂ ದೊಡ್ಡ ವಿದ್ಯಾ," ಎಂದುಕೊಂಡು ಅವನು ಊರಿಗೆ ಹೋದ. ಮರುದಿನದಿಂದ ಬೈಸಿಕೊಳ್ಳುವವರು ಬೇರೆ ಸಾಲುಗಟ್ಟಿದರು.

ಆಮೇಲೆ ಸರಕಾರದ ಒಂದು ಕಚೇರಿಯಿಂದ ಸುಭಾಷ್ ಎಂಬ ಇನ್‌ಸ್ಪೆಕ್ಟರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚರ್ಮದ ಚೀಲ. ಪರವಾನಗಿ ಇಲ್ಲದೆ ವೈದ್ಯ ಮಾಡುತ್ತಿರುವುದಾಗಿ ದೂರು ಬಂದಿದೆ ಎಂದರು. ಗವಿಸಿದ್ದೇಶನಿಗೆ ದೇವರೇ ಬಂದಷ್ಟು ಸಂತೋಷವಾಯಿತು. ಓದಿದವರೊಬ್ಬರು ಸಿಕ್ಕರಲ್ಲ. ಅವರನ್ನು ಕೂರಿಸಿ, ವೈರನ್ನು ಅವರ ಕಿವಿಗೇ ಇಟ್ಟು, ಫೋನಿನಲ್ಲಿ ಉಳಿಸಿಕೊಂಡಿದ್ದ ಪಾಠ ಕೇಳಿಸಿದ. ಇನ್‌ಸ್ಪೆಕ್ಟರು ಪೂರ್ತಿ ಕೇಳಿದರು.

"ಇದು ಭಾಷಾ ಕಲಿಸೋ ಪಾಠ. ವೈದ್ಯ ಅಲ್ಲವೇ ಅಲ್ಲ. ದೂರು ಸುಳ್ಳು," ಎಂದರು ಖಡಾಖಂಡಿತವಾಗಿ. ಎದ್ದು ಬಾಗಿಲವರೆಗೆ ಹೋದರು. ಹೊರಗೆ ಹೋಗಲಿಲ್ಲ, ಒಳಗಿನಿಂದ ಚಿಲಕ ಹಾಕಿದರು. "ಆಫೀಸಿನ ಮಾತು ಮುಗೀತು. ಇನ್ನ ನನ್ನ ಭುಜ ಒಂದೀಟು ನೋಡ್ರಿ. ಕೈ ಮ್ಯಾಲ ಎತ್ತಾಕ ಬರವಲ್ದು."

ಗವಿಸಿದ್ದೇಶ ಅಭ್ಯಾಸ ನಿಲ್ಲಿಸಿದನೇ? ನಿಲ್ಲಿಸಿದ್ದರೆ ಈ ಕಥೆ ಹಾರ್ಮೋನಿಯಂ ಕಥೆಯಾಗುತ್ತಿತ್ತು. ಬೆಳಗಾದರೆ ಕೆಳಗೆ ರಸ್ತೆಯಲ್ಲಿ, ಪಕ್ಕದ ಮಾಳಿಗೆಗಳಲ್ಲಿ ಜನ ಕೈಮುಗಿದು ನಿಂತಿರುತ್ತಿದ್ದರು. ಅವನು ಅವರ ಕಡೆ ನೋಡದೆ ಮೊದಲಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ, ಮೊದಲಿಗಿಂತ ಜೋರಾಗಿ ತೊಡೆ ತಟ್ಟುತ್ತಿದ್ದ. ತೊಡೆಯ ಮೇಲೆ ಬಾಸುಂಡೆ ಎದ್ದಿದ್ದವು. ಶಾಂಭವಿ ಕೊಬ್ಬರಿ ಎಣ್ಣೆ ಹಚ್ಚುತ್ತ, "ಆ ಕಡಿ ತೊಡಿಗೂ ಒಂದಿಷ್ಟು ಕಲಿಸ್ರಿ, ಇದೊಂದ ಎಷ್ಟಂತ ಓದೀತು," ಎನ್ನುತ್ತಿದ್ದಳು. ಅಂಗಡಿಯಲ್ಲೂ ಅದೇ ಕಾಟ. ಜಿಪ್ಪು ಕೇಳಲು ಬರುವವರು ಕಡಿಮೆಯಾಗಿ ಸೊಂಟ ಹಿಡಿದುಕೊಂಡು ಬರುವವರು ಹೆಚ್ಚಾದರು. ಕಾಸು ಮುಟ್ಟಬಾರದೆಂಬ ಕಟ್ಟಳೆ ಮಂದಿಗೆ ಎಷ್ಟು ಹಿಡಿಸಿತ್ತೆಂದರೆ, ಗುಂಡಿಗೂ ಕಾಸು ಕೊಡದೆ ಕೈಮುಗಿದು ಹೋಗತೊಡಗಿದರು.

ಕುರುಗೋಡಿನಿಂದ ಅಕ್ಕನಾಗಮ್ಮ ಫೋನು ಮಾಡಿ ಎಚ್ಚರಿಕೆ ಹೇಳಿದಳು. "ನೋಡಪ್ಪ, ಪರೀಕ್ಷಾ ಗಿರೀಕ್ಷಾ ಅಂತ ಬಯಲಿಗೆ ಹೇಳಿ ಕಳಕೊಂಡೀ. ಬಯಲಾದ ಮಂತ್ರ ಬರೇ ಮಾತು."

"ಅಕ್ಕಾ, ನನಗ ಬೇಕಾಗಿರೋದ ಬರೇ ಮಾತು," ಎಂದು ಗವಿಸಿದ್ದೇಶ ಹಲ್ಲು ಕಚ್ಚಿ ಹೇಳಿ ಫೋನು ಇಟ್ಟ.

ಶ್ರಾವಣ ಬಂತು, ಪರೀಕ್ಷೆಯ ದಿನವೂ ಬಂತು. ಮೇಡಂ ಮಧ್ಯಾಹ್ನ ಊಟದ ಹೊತ್ತಿನ ಮೇಲೆ ವಿಡಿಯೋದಲ್ಲಿ ಬಂದು ಬಾಯಿಪರೀಕ್ಷೆ ಮಾಡುವುದು ಎಂದು ಗೊತ್ತಾಗಿತ್ತು. ಅಂದು ಅಂಗಡಿಗೆ ಬೀಗ ಹಾಕಿ, ಮನೆಯ ಪಡಸಾಲೆಯಲ್ಲಿ ಹೊಸದಾಗಿ ಹಾಕಿಸಿದ ವೈಫೈ ಪೆಟ್ಟಿಗೆಯ ಕೆಳಗೆ ಗವಿಸಿದ್ದೇಶ ಕೂತ. ಆಗ ಮನೆಯ ಮುಂದೆ ಕಾರು ನಿಂತ ಸದ್ದಾಯಿತು.

ಕಾರಿನಿಂದ ಮೊದಲು ಇಳಿದದ್ದು ಹಾಲಸಿದ್ದಪ್ಪನವರ ತಲೆ. ಆಮೇಲೆ ಬಹಳ ಹೊತ್ತು ಏನೂ ಇಳಿಯಲಿಲ್ಲ. ನಡು ಹಿಡಿದುಕೊಂಡುಬಿಟ್ಟಿತ್ತು. ಮುರಿದ ಛತ್ರಿಯ ಹಾಗೆ ಬಾಗಿಕೊಂಡೇ ಪಡಸಾಲೆಗೆ ಬಂದರು. ಹಿಂದೆ ದಾಕ್ಷಾಯಣಿ, ಮೈಲಾರಪ್ಪ, ಓಣಿಯ ಅರ್ಧ ಜನ.

"ಮಂತ್ರ ಹಾಕಪ್ಪ ಗವಿಸಿದ್ದೇಶಾ," ಎಂದರು ಅವರು, ನೆಲಕ್ಕೆ ಹೇಳುವ ಹಾಗೆ. ಮುಖ ಮೇಲೆ ಏಳುತ್ತಿರಲಿಲ್ಲ.

"ಮಾವ, ಇವತ್ತು ನನ್ನ ಪರೀಕ್ಷಾ ಐತಿ."

"ಪರೀಕ್ಷಾ ಬಿಡು. ಪಣಾನೂ ಬಿಟ್ಟೆ. ನೀನು ದೊಡ್ಡಾವ ಅನ್ನೋದು ನಮಗ ತಿಳೀದ ಹೋತು."

ಇಷ್ಟು ವರ್ಷ ಈ ಬಾಯಿಂದ ಇಂಥ ಒಂದು ಮಾತಿಗಾಗಿ ಗವಿಸಿದ್ದೇಶ ಕಾದಿದ್ದ. ಬಂದಾಗ ನೋಡಿದರೆ ಅದು ತಪ್ಪು ವಿಳಾಸಕ್ಕೆ ಬಂದಿತ್ತು. ಅವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಲೆಗೆ ಒಂದು ಉಪಾಯವೂ ಬಂತು. ಮೇಡಂ ಜತೆ ಎಲ್ಲರ ಎದುರಿಗೇ ಮಾತಾಡಿದರೆ ಆಯಿತಲ್ಲ. ಎದುರಿನವರು ತಿರುಗಿ ಮಾತಾಡಿದ್ದು ಕೇಳಿದ ಮೇಲೆ ಇದು ಭಾಷೆಯೆಂದು ಕುರುಡನಿಗೂ ಗೊತ್ತಾಗುತ್ತದೆ.

"ಕೂಡ್ರಿ ಎಲ್ಲಾರೂ," ಎಂದ. "ಕಣ್ಣಾರೆ ನೋಡ್ರಿ, ಕಿವಿಯಾರೆ ಕೇಳ್ರಿ. ಆಮ್ಯಾಲ ಮಂತ್ರ ಅಂದವರನ್ನ ನಾ ಸುಮ್ಮನ ಬಿಡಾಕಿಲ್ಲ."

ಫೋನನ್ನು ತಂಬಿಗೆಗೆ ಆನಿಸಿ ಮಣೆಯ ಮೇಲೆ ನಿಲ್ಲಿಸಿದ. ಹೊತ್ತಿಗೆ ಸರಿಯಾಗಿ ಮೇಡಂ ಕಾಣಿಸಿಕೊಂಡರು: ಬಿಳಿ ಕೂದಲು, ಶಾಂತ ಮುಖ, ಹಿಂದೆ ಗೋಡೆ ತುಂಬ ಪುಸ್ತಕ. ಪಡಸಾಲೆಯೆಲ್ಲ ಮುಂದಕ್ಕೆ ಜರುಗಿ ಕೂತಿತು.

"ಗುರುಗಳು," ಎಂದರು ದಾಕ್ಷಾಯಣಿ ಪಿಸುಮಾತಿನಲ್ಲಿ. "ಇವರ ಹತ್ರನ ತಗೊಂಡಾರ ಮಂತ್ರ. ಸಮುದ್ರದಾಚೆ ಮಾತಾಯಿ."

ಒಂದೇ ಸಲಕ್ಕೆ ಎಲ್ಲ ಕೈಗಳೂ ಮುಗಿದವು. ಉಪಾಯ ಮಣ್ಣುಪಾಲಾದದ್ದು ಗವಿಸಿದ್ದೇಶನಿಗೆ ತಿಳಿಯಿತು. ಆದರೆ ಪರೀಕ್ಷೆ ಶುರುವಾಗಿಹೋಗಿತ್ತು. ಆದದ್ದಾಗಲಿ ಎಂದು ಎದೆ ಸೆಟೆಸಿ ಕೂತ.

ಏನು ಕೆಲಸ ಮಾಡುತ್ತೀರಿ ಎಂದು ಮೇಡಂ ಸ್ಪ್ಯಾನಿಷಿನಲ್ಲಿ ಕೇಳಿದರು. "ಬೆಂದೊ ಬೊತೋನೆಸ್," ಎಂದ ಗವಿಸಿದ್ದೇಶ. ಗುಂಡಿ ಮಾರುತ್ತೇನೆ ಎಂದರ್ಥ. ಜೀವಮಾನದಲ್ಲಿ ಅವನು ಅದನ್ನು ಅಷ್ಟು ಗತ್ತಿನಿಂದ ಯಾವ ಭಾಷೆಯಲ್ಲೂ ಹೇಳಿರಲಿಲ್ಲ. ಹಿಂದೆ ಕುಳಿತವರೆಲ್ಲ ಯಾರು ಎಂದು ಅವರು ಕೇಳಿದರು. "ಮಿ ಫಮೀಲಿಯಾ, ಇ ಲೊಸ್ ಬೆಸೀನೊಸ್," ಎಂದ. ನನ್ನ ಮನೆಯವರು, ಮತ್ತೆ ನೆರೆಯವರು. "ತೋದೊಸ್?" ಎಂದರು ಮೇಡಂ ಹುಬ್ಬೇರಿಸಿ. "ತೋದೊಸ್," ಎಂದ ಇವನು. ಎಲ್ಲರೂ. ಹಿಂದಿನಿಂದ ಮೈಲಾರಪ್ಪನೂ ಭಕ್ತಿಯಿಂದ "ತೋದೊಸ್" ಎಂದ.

ಆಮೇಲೆ ತುಂಡು ಮಾಡುವುದು, ಭಾರ ತೋರಿಸುವುದು. ಒಂದು ಮಾತಿನಲ್ಲಿ ತಪ್ಪಿದ, ಗಂಡ ಹೆಂಡಿರನ್ನು ಬಿಡಿಸಿಬಿಟ್ಟ. ಇನ್ನೊಂದರಲ್ಲಿ ಭಾರ ಕೊನೆಗೆ ಹೋಯಿತು, ತೊಡೆ ತಟ್ಟಿ ಹಿಂದಕ್ಕೆ ಎಳೆದುಕೊಂಡು ಬಂದ. ಅವನು ತಟ್ಟಿದಾಗಲೆಲ್ಲ ಪಡಸಾಲೆಯವರೂ ತಮ್ಮ ತಮ್ಮ ತೊಡೆ ತಟ್ಟಿಕೊಂಡರು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಕೊನೆಯ ಪ್ರಶ್ನೆ ಪದ ಕಟ್ಟುವುದು. ಗೋರ್ದೊ ಎಂದರೆ ದಪ್ಪ. ಅದರಿಂದ ಕ್ರಿಯಾಪದ ಮಾಡಿ, ಒಂದು ವಾಕ್ಯ ಹೇಳಿ ಎಂದರು. ಮುಂದೆ ಎನ್ ಹಚ್ಚಬೇಕು, ಹಿಂದೆ ಆರ್ ಹಚ್ಚಬೇಕು. "ಎನ್-ಗೊರ್-ದಾರ್," ಎಂದ ಗವಿಸಿದ್ದೇಶ. ದಪ್ಪಗಾಗುವುದು. ವಾಕ್ಯಕ್ಕಾಗಿ ಅತ್ತ ಇತ್ತ ನೋಡಿದ. ಪಕ್ಕದಲ್ಲೇ ಹಾಲಸಿದ್ದಪ್ಪನವರು ಬಾಗಿದ ಭಂಗಿಯಲ್ಲಿ ಕೈಮುಗಿದು ಕೂತಿದ್ದರು. ದೂರ ಹುಡುಕುವ ಕೆಲಸವೇ ಬೀಳಲಿಲ್ಲ.

"ಮಿ ಕುನ್ಯಾದೊ ಎನ್‌ಗೋರ್ದಾ," ಎಂದು ಸ್ಪಷ್ಟವಾಗಿ ಹೇಳಿದ. ನಡುವಿನ ತುಂಡಿಗೆ ಭಾರ ಸರಿಯಾಗಿ ಬಿತ್ತು.

ಮೇಡಂ ಹಾಲಸಿದ್ದಪ್ಪನವರ ಕಡೆ ನೋಡಿದರು, ನಕ್ಕರು, ನಗು ತಡೆಯಲಾರದೆ ಕೈ ಅಡ್ಡ ಹಿಡಿದರು.

"ನಕ್ಕರು, ಮಾತಾಯಿ ನಿಮ್ಮ ಕಡಿ ನೋಡಿ ನಕ್ಕರು," ಎಂದು ದಾಕ್ಷಾಯಣಿ ಹಾಲಸಿದ್ದಪ್ಪನವರನ್ನು ತಿವಿದರು. ಕೃಪೆ ಕೈತಪ್ಪಬಾರದೆಂದು ಅವರು ಗಡಬಡಿಸಿ ಫೋನಿಗೆ ಅಡ್ಡಬೀಳಲು ಹೋದರು. ನಡುವಿನಲ್ಲಿ ಏನೋ ಲಟಕ್ಕೆಂದಿತು. ಎದ್ದು ನಿಂತರು. ನೆಟ್ಟಗೆ.

"ಅಪ್ರೊಬಾದೊ," ಎಂದರು ಮೇಡಂ ಇತ್ತ ಫೋನಿನಲ್ಲಿ, ಗವಿಸಿದ್ದೇಶನಿಗೆ ಕೈ ಬೀಸಿ ಮರೆಯಾದರು.

"ಏನಂದ್ರು?" ಎಂದು ಎಲ್ಲರೂ ಮುಗಿಬಿದ್ದರು.

ಗವಿಸಿದ್ದೇಶ ಫೋನನ್ನು ಮಣೆಯಿಂದ ಎತ್ತಿಕೊಂಡ. "ಪಾಸಾದೆ ಅಂದ್ರು."

ಪಡಸಾಲೆಯವರು ಪರಸ್ಪರ ಮುಖ ನೋಡಿಕೊಂಡು 'ಹಂಗ ಹೇಳಬೇಕಲ್ಲ ಪಾಪ' ಎಂಬಂತೆ ತಲೆಯಾಡಿಸಿದರು. ಅವನು ಹುಟ್ಟಿದ ಮೇಲೆ ಮೊದಲ ಸಲ ಒಂದು ಕೆಲಸ ಮುಗಿಸಿದ್ದ. ಅದನ್ನು ನಂಬಿದವಳು ಅಡಿಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಶಾಂಭವಿ ಒಬ್ಬಳೇ.

ಹಾಲಸಿದ್ದಪ್ಪನವರು ನಡುವನ್ನು ತಿರುಗಿಸಿ, ಬಗ್ಗಿಸಿ, ಪರೀಕ್ಷೆ ಮಾಡಿ ಮುಗಿಸಿ ಘೋಷಿಸಿದರು: "ಇನ್ನ ಇಲ್ಲಿರಬ್ಯಾಡ ನೀನು. ಮಿಲ್ಲಿನ ಗೇಟಿನ ಹತ್ತರನ ಒಂದು ಕೋಣಿ ಕಟ್ಟಿಸ್ತೀನಿ. ಮಂಗಳವಾರ ಶುಕ್ರವಾರ ಮಂತ್ರ ಹಾಕು. ಉಳಿದ ದಿನ ಲಾರಿ ನೋಡಿಕೋ. ಆ ಗುಂಡಿ ಅಂಗಡಿ ಇವತ್ತ ಮುಚ್ಚು."

ಪಾಸಾದರೂ ಗೇಟು, ಫೇಲಾದರೂ ಗೇಟು. ಗವಿಸಿದ್ದೇಶ ತಂಬಿಗೆಯ ನೀರನ್ನು ಗಟಗಟ ಕುಡಿದ. ಆಮೇಲೆ ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

"ಎಲ್ಲಾರೂ ಕೇಳ್ರಿ. ಮಂತ್ರ ಐತಿ. ಒಪ್ಪಿದೆ. ಈಗ ನಿಮಗೆಲ್ಲಾರಿಗೂ ಅದನ್ನ ಕಲಿಸ್ತೀನಿ, ಅರ್ಥ ಸಮೇತ."

ಪಡಸಾಲೆಯಲ್ಲಿ ಹಾಹಾಕಾರವೆದ್ದಿತು. "ಬ್ಯಾಡ್ರೀ ಅಣ್ಣಾರ, ಬಯಲು ಮಾಡಬ್ಯಾಡ್ರಿ, ಶಕ್ತಿ ಹೋಗ್ತೈತಿ," ಎಂದು ದಾಕ್ಷಾಯಣಿ ಕಿವಿ ಮುಚ್ಚಿಕೊಂಡರು. ಮೈಲಾರಪ್ಪ ಹಿತ್ತಲ ಬಾಗಿಲು ಹುಡುಕಿದ. ಅಲ್ಲಿ ಶಾಂಭವಿ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ಲಬಾರ್ ಅಂದ್ರ ಅರಿಬಿ ಒಗಿಯೋದು," ಎಂದ ಗವಿಸಿದ್ದೇಶ, ಕಿವಿ ಮುಚ್ಚಿಕೊಂಡವರಿಗೂ ಕೇಳುವ ಹಾಗೆ. "ಲಾಬೊ, ನಾ ಒಗೀತೀನಿ. ಲಾಬಾಸ್, ನೀ ಒಗೀತಿ. ಲಾಬಾ, ಅವ ಒಗೀತಾನ. ದಿನಾ ಮುಂಜಾನಿ ನೀವೆಲ್ಲಾ ಕೈಮುಗದದ್ದು ಇದಕ್ಕ."

ಮೈಲಾರಪ್ಪ ಬಹಳ ನೊಂದುಕೊಂಡ. "ಅಂದ್ರ ನನ್ನ ಬಿಕ್ಕಳಿಕಿಗೆ ನೀವು ಅರಿಬಿ ಒಗದ್ರೇನ್ರಿ?" ಎಂದು ಕೇಳುತ್ತಿರುವಾಗಲೇ "ಹಿಕ್" ಎಂದ. ದಾಕ್ಷಾಯಣಿಯವರ ಕುತ್ತಿಗೆ ನಿಂತಲ್ಲೇ ಹಿಡಿದುಕೊಂಡಿತು. ಹಾಲಸಿದ್ದಪ್ಪನವರು ಮುನ್ನೆಚ್ಚರಿಕೆಯಾಗಿ ಎರಡೂ ಕೈಯಲ್ಲಿ ನಡು ಹಿಡಿದುಕೊಂಡರು.

"ನನ್ನ ಮುಂದ ಅಂದದ್ದು ಮಾತ್ರ ಹೇಳಬ್ಯಾಡಪ್ಪ," ಎಂದರು ದೈನ್ಯದಿಂದ. "ಮಾತಾಯಿ ನಕ್ಕರಲ್ಲ, ಆ ಮಂತ್ರ."

"ಅದಾ? ಮಿ ಕುನ್ಯಾದೊ ಎನ್‌ಗೋರ್ದಾ. ನನ್ನ ಹೆಂಡತಿ ಅಣ್ಣ ದಪ್ಪಾಗಾಕತ್ತಾನ."

ಮೊದಲು ನಕ್ಕವಳು ಶಾಂಭವಿ. ಲಟ್ಟಣಿಗೆ ಕೈಯಿಂದ ಬೀಳುವಷ್ಟು ನಕ್ಕಳು. ಹಾಲಸಿದ್ದಪ್ಪನವರು ತಂಗಿಯ ಕಡೆ ನೋಡಿದರು, ಅವಳ ಗಂಡನ ಕಡೆ ನೋಡಿದರು, ಬರುಬರುತ್ತ ಬಾಗಿದರು, ಬಂದಾಗ ಇದ್ದ ಭಂಗಿಗೇ ಬಂದು ನಿಂತರು.

ಗವಿಸಿದ್ದೇಶ ಚಿಲಕ ತೆಗೆದ. ಮಂದಿ ತಾವು ತಂದಿದ್ದ ತೆಂಗಿನಕಾಯಿಗಳನ್ನು ಎತ್ತಿಕೊಂಡು ಮುಖ ಊದಿಸಿಕೊಂಡು ಹೊರಟರು. ಇಂಥ ವಿದ್ಯೆಯನ್ನು ಹಾಳುಮಾಡಿಕೊಂಡವನ ಮನೆಯಲ್ಲಿ ನೀರೂ ಮುಟ್ಟಬಾರದೆಂದು ಮೆಟ್ಟಿಲ ಮೇಲೇ ತೀರ್ಮಾನವಾಯಿತು. ಹಾಲಸಿದ್ದಪ್ಪನವರು ಕಾರಿನ ಬಾಗಿಲು ಹಿಡಿದುಕೊಂಡು ಹೇಗೋ ಹಾಗೆ ತಲೆ ಮೇಲೆತ್ತಿದರು.

"ಓಣಿ ಮಂದಿನ್ನೆಲ್ಲಾ ಎದುರು ಹಾಕ್ಕೊಂಡಿ. ನಾಳಿಂದ ನಿನ್ನ ಅಂಗಡಿ ಮೆಟ್ಟಲಾ ಯಾರು ಹತ್ತತಾರ ನೋಡ್ತೀನಿ."

ಶಾಂಭವಿ ಆಗಲೇ ಮನೆಗೆ ಬೀಗ ಹಾಕಿ, ಅಂಗಡಿಯ ಕೀಲಿಕೈ ಹಿಡಿದು ಸ್ಕೂಟರಿನ ಹಿಂದೆ ಕೂತಿದ್ದಳು. ಗವಿಸಿದ್ದೇಶ ಸ್ಕೂಟರಿನ ಕಿಕ್ ಒದ್ದ.

"ಹತ್ತಲಿ, ಬಿಡಲಿ. ಬಾಗಿಲು ನಮ್ಮದು ರೀ ಮಾವ. ನಾಳಿ ತನಕ ಯಾಕ, ಈಗ ತಗೀತೀವಿ."